ಪೋರ್ಚುಗಲ್ಲಿನಲ್ಲಿ ಹತ್ತು ದಿನ ಸುಮ್ಮನಿರುವುದು

ನನಗೆ ಅನುಮಾನದ ಬುದ್ಧಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಓದಿದ್ದು ಒಂಬತ್ತನೇ ಕ್ಲಾಸು, ಅದರಲ್ಲೂ ಕೊನೆಯ ಮೂರು ತಿಂಗಳು ಸ್ಕೂಲಿನ ಕಡೆ ತಲೆ ಹಾಕಿರಲಿಲ್ಲ. ಯಾರಾದರೂ ಕಾರಣವಿಲ್ಲದೆ ನಕ್ಕರೆ ನನ್ನ ಕೈ ತಾನಾಗಿಯೇ ಹಿಂದಿನ ಜೇಬಿಗೆ ಹೋಗುತ್ತದೆ. ಒಂದು ತೊಗೊಂಡರೆ ಒಂದು ಫ್ರೀ ಅಂತ ಅಂಗಡಿಯಲ್ಲಿ ಬರೆದಿದ್ದರೆ ಎರಡನ್ನೂ ಅಲ್ಲೇ ಇಟ್ಟು ಬರುತ್ತೇನೆ. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ವಾಚನ್ನು ಮಂಟಪದಲ್ಲೇ ಕಿವಿಗೆ ಹಿಡಿದು ನೋಡಿದ್ದೆ ಎಂದು ನನ್ನ ಹೆಂಡತಿ ರತ್ನ ಇವತ್ತಿಗೂ ಹೇಳುತ್ತಾಳೆ. ಅದು ನಿಜ. ವಾಚು ಓಡುತ್ತಿತ್ತು, ಅದೂ ನಿಜ.

ಈ ಬುದ್ಧಿ ಅರ್ಧ ಹುಟ್ಟಿನಿಂದ ಬಂದದ್ದು, ಇನ್ನರ್ಧ ಕಸುಬಿನಿಂದ. ನಮ್ಮಪ್ಪ ರಾಮನಗರದ ಕಡೆ ಗಾರೆ ಕೆಲಸ ಮಾಡುತ್ತಿದ್ದ. ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಬಂದಳು, ಆಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಂಡಳು, ಅವರ ಬಾಲ ಹಿಡಿದುಕೊಂಡು ನಾನೂ ಬಂದೆ. ಅಪ್ಪ ಅಮ್ಮ ಚಳಿ ತಡೆಯಲಾರದೆ ವಾಪಸು ಹೋದರು, ಬಾಲ ಹಿಡಿದವನು ಇಲ್ಲೇ ಉಳಿದೆ. ಹೇವರ್ಡ್‌ನಲ್ಲಿ ಒಂದು ಟೈಲ್ಸ್ ಗೋಡೌನಿದೆ. ಅಲ್ಲಿಂದ ಟ್ರಕ್ಕಿಗೆ ಹೇರಿಕೊಂಡು ಹೋಗಿ ಮನೆಗಳಿಗೂ ಆಫೀಸುಗಳಿಗೂ ಟೈಲ್ಸು ಕೂರಿಸುವುದು ನನ್ನ ಕೆಲಸ. ಟೈಲು ನೋಡುವುದಕ್ಕೆ ಎಷ್ಟೇ ಚೆಂದ ಇರಲಿ, ಬೆರಳ ಗೆಣ್ಣಿನಿಂದ ಕುಟ್ಟಿದರೆ ಒಳಗಿನದು ಹೇಳಿಬಿಡುತ್ತದೆ. ಗಟ್ಟಿ ಕೂತಿದ್ದರೆ ಒಂದು ಸದ್ದು, ಹಿಂದೆ ಟೊಳ್ಳಿದ್ದರೆ ಇನ್ನೊಂದು. ಹತ್ತು ವರ್ಷ ಇದನ್ನೇ ಮಾಡಿದವನು ಕ್ರಮೇಣ ಎಲ್ಲವನ್ನೂ ಕುಟ್ಟಿ ನೋಡಲು ಶುರು ಮಾಡುತ್ತಾನೆ. ಬಾಗಿಲು, ಕಲ್ಲಂಗಡಿ, ನೆಂಟರು, ಎಲ್ಲ.

ಆಗ ಡಾಟ್ ಕಾಂ ಕಾಲ, ಇಂಟರ್‌ನೆಟ್ ಕಂಪನಿಗಳು ದಿನಕ್ಕೊಂದು ಹುಟ್ಟುತ್ತಿದ್ದವು. ಸಾಂಟಾ ಕ್ಲಾರಾದಲ್ಲಿ ಒಂದು ಕಂಪನಿಯವರು ತಮ್ಮ ಹೆಸರನ್ನು ಬಾಗಿಲ ಬಳಿಯ ನೆಲದಲ್ಲೇ ಟೈಲ್ಸಿನಲ್ಲಿ ಕೂರಿಸಬೇಕು ಎಂದರು. ಕೂರಿಸಿದೆ. ಫ್ರಿಜ್ಜಿನ ತುಂಬ ಫ್ರೀ ಸೋಡಾ ಇತ್ತು. ಹುಡುಗರು ಮಧ್ಯಾಹ್ನ ಟೇಬಲ್ ಟೆನಿಸ್ ಆಡುತ್ತಿದ್ದರು. ಆಗಲೇ ನನಗೆ ಅನಿಸಿತು, ಸೋಡಾ ಫ್ರೀ ಇರುವ ಜಾಗ ಬಹಳ ದಿನ ಇರುವುದಿಲ್ಲ. ಆರು ತಿಂಗಳಿಗೆ ಫೋನು ಬಂತು, ಆ ಹೆಸರು ಕಿತ್ತು ಬೇರೆ ಹೆಸರು ಹಾಕಿ ಅಂತ. ಹಾಕಿದೆ. ಮತ್ತೆ ಕೆಲವು ತಿಂಗಳಿಗೆ ಮೂರನೇ ಹೆಸರು. ಆ ಸಲ ನಾನು ಸಿಮೆಂಟನ್ನು ಸ್ವಲ್ಪ ಹಗುರವಾಗಿಯೇ ಹಚ್ಚಿ ಬಂದೆ, ಮುಂದಿನ ಸಲ ಕೀಳುವುದಕ್ಕೆ ಸುಲಭವಾಗಲಿ ಅಂತ.

ಈ ಬುದ್ಧಿಯಿಂದ ಕೆಲಸಕ್ಕೆ ಲಾಭವಾಗಿದೆ. ಸಂಸಾರಕ್ಕೆ ಆಗಿಲ್ಲ. ಮದುವೆಯಾಗಿ ಮೂರು ವರ್ಷದಲ್ಲಿ ನಾವು ಎರಡು ಸಲ ಟ್ರಿಪ್ಪು ಹೊರಟಿದ್ದೆವು. ಮೊದಲನೆಯದು ಲೇಕ್ ಟಾಹೋ. ಸ್ಯಾಕ್ರಮೆಂಟೊ ದಾಟಿದ ಮೇಲೆ ಗ್ಯಾಸ್ ಒಲೆ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಅನುಮಾನ ಬಂತು. ಗಾಡಿ ತಿರುಗಿಸಿ ಫ್ರೀಮಾಂಟಿಗೆ ವಾಪಸು ಬಂದೆ. ಆಫ್ ಆಗಿತ್ತು. ಎರಡನೆಯದು ಮಾಂಟೆರೆ. ಮೋಟೆಲಿನ ಬಾಗಿಲ ಚಿಲಕ ಸಡಿಲ ಇದೆ ಎನಿಸಿ ಮಂಚ ಎಳೆದು ಬಾಗಿಲಿಗೆ ಅಡ್ಡ ಇಟ್ಟು ಮಲಗಿದ್ದೆ. ಬೆಳಿಗ್ಗೆ ರೂಮು ಗುಡಿಸಲು ಬಂದವಳು ಬಾಗಿಲು ತಳ್ಳಿ ತಳ್ಳಿ ಸಾಕಾಗಿ ಮ್ಯಾನೇಜರನ್ನು ಕರೆದಳು. ಮ್ಯಾನೇಜರು ನಮ್ಮಿಬ್ಬರನ್ನೂ ಹೊರಗೆ ಕರೆದು ರೂಮು ಖಾಲಿ ಮಾಡಿಸಿದ. ಅಲ್ಲಿಗೆ ಅದೂ ಮುಗಿಯಿತು.

ರತ್ನ ಹಾಸನದ ಕಡೆಯವಳು, ನನಗಿಂತ ಜಾಸ್ತಿ ಓದಿದವಳು. ಫ್ರೀಮಾಂಟಿನ ಒಂದು ಡೇಕೇರಿನಲ್ಲಿ ಕೆಲಸ. ಹನ್ನೆರಡು ಮಕ್ಕಳು, ಎಲ್ಲವೂ ಎರಡು ವರ್ಷದ ಆಸುಪಾಸಿನವು. ಅಪ್ಪ ಅಮ್ಮಂದಿರೆಲ್ಲ ಯಾವುದೋ ಕಂಪನಿಯನ್ನು ಷೇರು ಮಾರ್ಕೆಟ್ಟಿಗೆ ಏರಿಸುವ ಅವಸರದಲ್ಲಿದ್ದವರು. ಆರು ಗಂಟೆಗೆ ಬರುತ್ತೇವೆ ಎಂದು ಏಳೂವರೆಗೆ ಬರುತ್ತಿದ್ದರು. ಒಂದು ದಿನ ಸಂಜೆ ನಾನು ಮನೆಗೆ ಬಂದಾಗ ಅವಳು ಸಿಂಕಿನ ಮುಂದೆ ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು, ಕೈಯಲ್ಲಿ ಒಂದೇ ತಟ್ಟೆ. ನಾನು ಸ್ನಾನ ಮಾಡಿ ಬಂದಾಗಲೂ ಅದೇ ತಟ್ಟೆ. ನಲ್ಲಿ ನಿಲ್ಲಿಸಿದೆ. ಅವಳ ಕೈ ನಡುಗುತ್ತಿತ್ತು.

“ರೀ, ನಂಗೆ ಎಲ್ಲಾದ್ರೂ ಒಂದು ಹತ್ತು ದಿನ ಸುಮ್ನೆ ಕೂತ್ಕೋಬೇಕು,” ಎಂದಳು. “ಅಷ್ಟೇ. ಏನೂ ನೋಡೋದು ಬೇಡ. ಫೋಟೊ ಬೇಡ. ಸುಮ್ನೆ ಕೂರಬೇಕು.”

ಎಲ್ಲಿ ಕೂರಬೇಕು ಎನ್ನುವುದನ್ನೂ ಅವಳೇ ನಿರ್ಧಾರ ಮಾಡಿಕೊಂಡಿದ್ದಳು. ಡೇಕೇರಿಗೆ ಮೊಮ್ಮಗನನ್ನು ಬಿಡಲು ಬರುವ ಪೋರ್ಚುಗಲ್ ದೇಶದ ಅಜ್ಜಿಯೊಬ್ಬಳು ತನ್ನ ಊರಿನ ಬಗ್ಗೆ ಹೇಳಿದ್ದಳಂತೆ. ಸಮುದ್ರದ ದಡ, ತಾಜಾ ಮೀನು, ಎಲ್ಲ ಅಗ್ಗ, ಯಾರಿಗೂ ಅವಸರ ಇಲ್ಲ. ನಾನು ಕೇಳಿದೆ, “ಅಷ್ಟು ಚೆನ್ನಾಗಿದ್ರೆ ಆ ಅಜ್ಜಿ ಅದನ್ನ ಬಿಟ್ಟು ಇಲ್ಯಾಕೆ ಬಂದ್ಲು?”

ರತ್ನ ನನ್ನನ್ನು ನೋಡಿದಳು. ಆಮೇಲೆ ಸಿಟ್ಟಿಲ್ಲದೆ, ನಿಧಾನವಾಗಿ ಹೇಳಿದಳು. “ನೋಡಿ, ಇದೊಂದು ಸಲ. ಹತ್ತು ದಿನ ಯಾರನ್ನೂ ಅನುಮಾನಿಸಬಾರ್ದು. ಯಾರಿಗಾದ್ರೂ ಏನಾದ್ರೂ ಮಾಡಿ ಇದನ್ನೂ ಕೆಡಿಸಿದ್ರೆ ಇನ್ನು ನಿಮ್ ಜೊತೆ ನಾನು ಎಲ್ಲಿಗೂ ಬರಲ್ಲ. ಗ್ರೋಸರಿಗೂ ಬರಲ್ಲ.”

ಅವಳು ಬೈದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೈಯದೆ ಹೇಳಿದ್ದರಿಂದ ಹೆದರಿಕೆಯಾಯಿತು. ಒಪ್ಪಿದೆ.

ಒಪ್ಪುವುದು ಸುಲಭ. ಅಕ್ಕನ ಗಂಡ, ನಮ್ಮ ಭಾವ, ಚಿಪ್ ಕಂಪನಿಯಲ್ಲಿ ಇಂಜಿನಿಯರು, ಸುದ್ದಿ ತಿಳಿದ ಕೂಡಲೇ ಫೋನು ಮಾಡಿದ. “ಲೋ ಕೆಂಪರಾಜು, ಹವಾಯಿಗೆ ಹೋಗಯ್ಯ. ಯೂರೋಪಲ್ಲಿ ಪಿಕ್‌ಪಾಕೆಟು ಜಾಸ್ತಿ. ಅವರು ಗೋವಾಗೆ ಮೆಣಸು ತಗೊಳಕ್ಕೆ ಅಂತ ಬಂದು ನಾನೂರು ಚಿಲ್ಲರೆ ವರ್ಷ ಕೂತಿದ್ದೋರು. ಹುಷಾರು.” ನಾನು ಹುಷಾರಾಗಿಯೇ ಇದ್ದೆ. ವೀಸಾ ಆಫೀಸಿನಲ್ಲಿ ಇನ್ನೂ ಹುಷಾರಾದೆ. ಅಮೆರಿಕಕ್ಕೆ ಬರುವಾಗ ನಮ್ಮ ತಾತನ ಹೆಸರು, ಅವರಪ್ಪನ ಹೆಸರು, ಯಾವುದಾದರೂ ಕಾಯಿಲೆ ಇತ್ತೇ, ಎಲ್ಲ ಕೇಳಿದ್ದರು. ಇಲ್ಲಿ ಕಿಟಕಿಯ ಹಿಂದೆ ಕೂತಿದ್ದ ಮನುಷ್ಯ ನಮ್ಮ ಕಾಗದಗಳನ್ನು ತಿರುವಿ ಹಾಕಿ, “ಮೊದಲ ಸಲ ಹೋಗ್ತಿದೀರಾ? ಬೇಯಿಸಿದ್ದಕ್ಕಿಂತ ಕೆಂಡದ ಮೇಲೆ ಸುಟ್ಟ ಮೀನು ತಿನ್ನಿ,” ಎಂದು ಮುದ್ರೆ ಒತ್ತಿಬಿಟ್ಟ. ನನ್ನಂಥವನನ್ನು ಏನೂ ಕೇಳದೆ ಒಳಗೆ ಬಿಡುವ ದೇಶದಲ್ಲಿ ಏನೋ ತೊಂದರೆ ಇರಲೇಬೇಕು. ಇದನ್ನು ರತ್ನಳಿಗೆ ಹೇಳಲಿಲ್ಲ. ಮಾತು ಕೊಟ್ಟಾಗಿತ್ತು.

ಲಿಸ್ಬನ್ನಿನಲ್ಲಿ ಇಳಿದು ಎರಡು ಗಂಟೆ ಬಸ್ಸಿನಲ್ಲಿ ಹೋದರೆ ಆ ಊರು. ಬಸ್ಸು ನಿಂತ ಕೂಡಲೇ ಐದಾರು ಮುದುಕಿಯರು ಸುತ್ತಿಕೊಂಡರು. ಎಲ್ಲರೂ ಕರೀ ಬಟ್ಟೆ, ತಲೆಗೆ ಕರೀ ವಸ್ತ್ರ, ಕೈಯಲ್ಲಿ ರಟ್ಟಿನ ತುಂಡು. ಬಾಡಿಗೆಗೆ ರೂಮಿದೆ ಎಂದು ರಟ್ಟಿನಲ್ಲಿ ಬರೆದಿರುತ್ತದಂತೆ, ಅದು ಅಲ್ಲಿಯ ಪದ್ಧತಿ, ಅಜ್ಜಿ ರತ್ನಳಿಗೆ ಮೊದಲೇ ಹೇಳಿದ್ದಳು. ನನಗೆ ಹೇಳಿರಲಿಲ್ಲ. ಅವರಲ್ಲಿ ಒಬ್ಬಳು, ಎಲ್ಲರಿಗಿಂತ ಗಿಡ್ಡ, ಬಂದವಳೇ ನಮ್ಮ ದೊಡ್ಡ ಸೂಟ್‌ಕೇಸನ್ನು ಕಿತ್ತುಕೊಂಡು ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ. ಇಳಿಜಾರಿನ ಓಣಿ, ಕಲ್ಲಿನ ಮೆಟ್ಟಿಲು. ಎಪ್ಪತ್ತು ದಾಟಿದ ಹೆಂಗಸು ಸೂಟ್‌ಕೇಸು ಹೊತ್ತು ಮುಂದೆ, ಮೂವತ್ತು ತುಂಬದ ನಾನು ಏದುಸಿರು ಬಿಡುತ್ತಾ ಹಿಂದೆ, ರತ್ನ ನಗುತ್ತಾ ನನ್ನ ಹಿಂದೆ.

ಅವಳ ಹೆಸರು ಅಮೇಲಿಯ. ಗಂಡ ಮೀನಿಗೆ ಹೋಗುತ್ತಿದ್ದವನು, ತೀರಿಕೊಂಡು ಎಷ್ಟೋ ವರ್ಷವಾಗಿದೆ. ಮನೆ ಹಳೆಯದು, ಕಿರಿದು, ಆದರೆ ಮೆಟ್ಟಿಲಿನ ಪಕ್ಕದ ಗೋಡೆಯ ತುಂಬ ನೀಲಿ ಬಣ್ಣದ ಹಳೇ ಟೈಲ್ಸು. ಹಡಗು, ಮೀನು, ಬಳ್ಳಿ, ಎಲ್ಲ ಕೈಯಲ್ಲಿ ಬರೆದದ್ದು. ನಾನು ಅದನ್ನು ನೋಡುತ್ತಾ ನಿಂತಿರುವಾಗ ಅವಳು ನಮ್ಮ ಇಬ್ಬರ ಪಾಸ್‌ಪೋರ್ಟುಗಳನ್ನು ರತ್ನಳ ಕೈಯಿಂದ ತೆಗೆದುಕೊಂಡು ತನ್ನ ಏಪ್ರನ್ನಿನ ಜೇಬಿಗೆ ಇಳಿಸಿಬಿಟ್ಟಳು. ಪೊಲೀಸರಿಗೆ ಕೊಡಬೇಕಾದ ಫಾರಮ್ಮಿಗೆ ಅಂತ ಸನ್ನೆಯಲ್ಲಿ ತೋರಿಸಿದಳು. ಯಾವಾಗ ವಾಪಸು ಎಂದು ನಾನೂ ಸನ್ನೆಯಲ್ಲಿ ಕೇಳಿದೆ. ನಾಳೆಯೋ ನಾಡಿದ್ದೋ ಎನ್ನುವ ಹಾಗೆ ಕೈ ಆಡಿಸಿದಳು. ಪಾಸ್‌ಪೋರ್ಟಿನ ಒಳಗೆ ಗ್ರೀನ್ ಕಾರ್ಡುಗಳಿದ್ದವು. ಅವು ಹೋದರೆ ಹೇವರ್ಡ್ ಹೋಯಿತು, ಫ್ರೀಮಾಂಟ್ ಹೋಯಿತು. ನಾನು ಆ ಜೇಬಿನಿಂದ ಕಣ್ಣು ತೆಗೆಯಲಿಲ್ಲ.

ಇನ್ನೊಂದು ವಿಷಯವಾಯಿತು. ರೂಮು ತೋರಿಸುತ್ತಾ ಅವಳು ಕಿಟಕಿಯನ್ನು ಮುಟ್ಟಿ ‘ಜನೇಲ’ ಎಂದಳು. ಟೇಬಲ್ಲನ್ನು ತಟ್ಟಿ ‘ಮೇಜ’ ಎಂದಳು. ಬೀಗದಕೈ ಕೊಡುತ್ತಾ ‘ಶಾವಿ’ ಎಂದೇನೋ ಅಂದಳು. ಅವಳು ಕೆಳಗಿಳಿದ ಮೇಲೆ ರತ್ನಳ ಕಿವಿಯಲ್ಲಿ ಪಿಸುಗುಟ್ಟಿದೆ. “ಇವಳಿಗೆ ಕನ್ನಡ ಬರುತ್ತೆ ಕಣೇ. ಜನಲು, ಮೇಜು, ಚಾವಿ ಅಂದ್ಲು. ಏನಿದ್ರೂ ಗುಟ್ಟಾಗಿ ಮಾತಾಡು.”

“ಅಯ್ಯೋ ದೇವ್ರೇ, ಆ ಮಾತುಗಳೆಲ್ಲ ಅವರಿಂದಾನೇ ನಮಗೆ ಬಂದಿದ್ದು ಕಣ್ರೀ. ಹೈಸ್ಕೂಲಲ್ಲಿ ಹೇಳ್ಕೊಟ್ಟಿದ್ರು.”

“ಯಾವ ಕ್ಲಾಸಲ್ಲಿ?”

“ಹತ್ತರಲ್ಲಿ.”

ನನ್ನ ಓದು ಒಂಬತ್ತಕ್ಕೇ ನಿಂತಿತ್ತು. ಆದರೂ ಆ ಮನೆಯಲ್ಲಿದ್ದಷ್ಟು ದಿನ ಪಿಸುಮಾತು ಬಿಡಲಿಲ್ಲ.

ಮೊದಲ ದಿನದ ಊಟಕ್ಕೆ ಸಮುದ್ರದ ದಡದ ಹೋಟೆಲಿಗೆ ಹೋದೆವು. ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಬೆಣ್ಣೆ, ಚೀಸು, ಆಲಿವ್ ಕಾಯಿ ಎಲ್ಲ ಹೋಟೆಲಿನವನು ತಂದಿಟ್ಟು ಹೋದ. ರತ್ನ ಕೈ ಚಾಚಿದಳು. “ಮುಟ್ಟಬೇಡ!” ಎಂದೆ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ರತ್ನ ನನ್ನನ್ನೇ ನೋಡುತ್ತಾ ಒಂದು ಆಲಿವ್ ತಿಂದಳು. ಆಮೇಲೆ ಇನ್ನೊಂದು. ಬಿಲ್ಲು ಬಂದಾಗ ನಾನು ಹೇಳಿದ್ದೇ ಸರಿಯಾಗಿತ್ತು. ಮುಟ್ಟಿದ್ದಕ್ಕೆ ಚಾರ್ಜು, ಮುಟ್ಟದ್ದಕ್ಕೆ ಇಲ್ಲ. ಆಲಿವ್ ಅದರಲ್ಲಿತ್ತು, ಬ್ರೆಡ್ಡು ಇರಲಿಲ್ಲ. ನಾನು ಬಿಲ್ಲನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದೆ.

“ಗೆದ್ದೋರ ಥರ ಮುಖ ಮಾಡ್ಬೇಡಿ,” ಎಂದಳು. “ಮೀನು ರುಚಿಯಾಗಿತ್ತಾ ಇಲ್ವಾ, ಅದನ್ನ ಹೇಳಿ.”

ರುಚಿ ನನಗೆ ಗೊತ್ತಾಗಿರಲಿಲ್ಲ. ನಾನು ಬ್ರೆಡ್ಡು ಕಾಯುತ್ತಿದ್ದೆ.

ಮರುದಿನದಿಂದ ರತ್ನ ತನ್ನ ಕೆಲಸ ಶುರು ಮಾಡಿದಳು, ಅಂದರೆ ಸುಮ್ಮನೆ ಕೂರುವುದು. ದಡದ ಮೇಲೆ ಮೋಟು ಗೋಡೆಯೊಂದಿತ್ತು. ಅದರ ಮೇಲೆ ಕಾಲು ನೀಡಿ ಕೂತಳು. ಕೆಳಗೆ ಮರಳಿನಲ್ಲಿ ಹೆಂಗಸರು ಬಲೆಯ ಚೌಕಟ್ಟಿನ ಮೇಲೆ ಮೀನು ಒಣಗಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ಐದು ನಿಮಿಷ ಆಯಿತು. ಆಮೇಲೆ ಏನು ಮಾಡುವುದು? ಎದುರಿನ ಕಾಫಿ ಅಂಗಡಿಯಲ್ಲಿ ಒಬ್ಬ ಮನುಷ್ಯ ಒಂದು ಸಣ್ಣ ಬಟ್ಟಲಿನ ಕಾಫಿ ಇಟ್ಟುಕೊಂಡು ಬೆಳಿಗ್ಗೆಯಿಂದ ಕೂತಿದ್ದ. ಕಾಫಿ ಮುಗಿದು ಬಹಳ ಹೊತ್ತಾಗಿತ್ತು. ಅಂಗಡಿಯವನು ಅವನನ್ನು ಎಬ್ಬಿಸಲಿಲ್ಲ.

“ರತ್ನ, ಅಲ್ನೋಡು. ಬೆಳಿಗ್ಗೆಯಿಂದ ಕೂತವ್ನೆ. ಅವನ ಕೆಲಸ ಏನಿರಬೋದು?”

“ನಿಮ್ ಕೆಲಸ ಏನು ಈಗ?”

“ನಾನು ರಜೆ ಮೇಲೆ ಬಂದಿರೋನು.”

“ಹಂಗಾದ್ರೆ ರಜೆ ಮಾಡಿ. ಕಣ್ಣು ಮುಚ್ಕೊಳಿ.”

ಕಣ್ಣು ಮುಚ್ಚಿದರೆ ಏಪ್ರನ್ನಿನ ಜೇಬು ಕಾಣುತ್ತಿತ್ತು. ಅರ್ಧ ಗಂಟೆಗೊಮ್ಮೆ ಏನಾದರೂ ನೆಪ ಹೇಳಿ ಮನೆಗೆ ಹೋಗಿ ಬರುತ್ತಿದ್ದೆ. ಅಮೇಲಿಯ ಅಡುಗೆಮನೆಯಲ್ಲಿದ್ದರೆ ಬಾಗಿಲಲ್ಲಿ ನಿಂತು ನೋಡುವುದು, ಹಿತ್ತಲಲ್ಲಿದ್ದರೆ ಮೆಟ್ಟಿಲಿನಿಂದ ಬಗ್ಗಿ ನೋಡುವುದು. ಏಪ್ರನ್ನು ಬದಲಾಯಿಸಿದ ದಿನ ಹಳೆಯ ಏಪ್ರನ್ನು ಎಲ್ಲಿ ಹೋಯಿತು ಎಂದು ಒಗೆದ ಬಟ್ಟೆಯ ಹಗ್ಗದವರೆಗೂ ಹೋಗಿ ನೋಡಿದೆ. ವಾಪಸು ಬಂದು ರತ್ನಳಿಗೆ ವರದಿ. ಮೂರನೆಯ ದಿನ ಅವಳು ಉತ್ತರ ಕೊಡುವುದನ್ನು ನಿಲ್ಲಿಸಿದಳು. ನಾಲ್ಕನೆಯ ದಿನ ನಾನು ಬಂದು ಕೂತಾಗ ನೋಡಿದೆ, ಮಡಿಲಲ್ಲಿದ್ದ ಅವಳ ಕೈ ಮತ್ತೆ ನಡುಗುತ್ತಿತ್ತು. ಸಿಂಕಿನ ಮುಂದೆ ನಡುಗಿದ ಹಾಗೆಯೇ.

“ನಾಲ್ಕು ದಿನ ಆಯ್ತು,” ಎಂದಳು ಸಮುದ್ರದ ಕಡೆ ನೋಡುತ್ತಲೇ. “ಇಲ್ಲೂ ಒಂದು ಮಗು ನೋಡ್ಕೊಂಡಂಗೇ ಆಯ್ತು.”

ನನಗೆ ಚುಚ್ಚಿತು. ಸರಿ, ಪಾಸ್‌ಪೋರ್ಟು ಎಲ್ಲಿದೆ ಎಂದು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ನನ್ನ ತಳಮಳ ನಿಲ್ಲುತ್ತದೆ, ಇವಳಿಗೂ ನೆಮ್ಮದಿ ಎಂದು ಲೆಕ್ಕ ಹಾಕಿದೆ. ನನ್ನ ತಲೆ ಆಗ ಓಡಿದ್ದು ಹಾಗೆ. ಐದನೆಯ ದಿನ ಬೆಳಿಗ್ಗೆ ಅಮೇಲಿಯ ಬುಟ್ಟಿ ಹಿಡಿದು ಮಾರ್ಕೆಟ್ಟಿಗೆ ಹೋಗುವುದನ್ನೇ ಕಾದು, ರತ್ನಳನ್ನು ಗೋಡೆಯ ಮೇಲೆ ಕೂರಿಸಿ, ಮನೆಗೆ ಬಂದೆ. ಮೇಲೆ ಹತ್ತಿ ನೋಡಿದೆ, ಮನೆಯಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಿಳಿದು ಅವಳ ಕೋಣೆಯ ಕಡೆ ಹೊರಟವನು ನೀಲಿ ಗೋಡೆಯ ಪಕ್ಕ ಹೋಗುತ್ತಿದ್ದಾಗ ಕೈ ಅದರಷ್ಟಕ್ಕೆ ಅದು ಗೋಡೆ ಕುಟ್ಟಿತು. ಟೊಳ್ಳು. ನಿಂತೆ. ಪಕ್ಕದ್ದನ್ನು ಕುಟ್ಟಿದೆ. ಅದೂ ಟೊಳ್ಳು. ಮೇಲೆ, ಕೆಳಗೆ, ಕುಟ್ಟುತ್ತಾ ಹೋದೆ. ಒಂದು ಆಳೆತ್ತರದಷ್ಟು ಜಾಗ ಪೂರ್ತಿ ಟೊಳ್ಳು. ಟೈಲ್ಸ್ ಕೆಲಸದವನಾದರೆ ಗಾರೆ ಬಿಟ್ಟಿದೆ ಎಂದು ತಿಳಿಯಬೇಕು. ನಾನು ತಿಳಿದದ್ದು ಬೇರೆ. ಇದರ ಹಿಂದೆ ಗೂಡಿದೆ, ಅಮೇಲಿಯ ಎಲ್ಲ ಬಾಡಿಗೆದಾರರ ಪಾಸ್‌ಪೋರ್ಟುಗಳನ್ನೂ ಅದರಲ್ಲಿ ಬಚ್ಚಿಡುತ್ತಾಳೆ ಎಂದು ತಿಳಿದೆ. ಅಂಚಿನ ಟೈಲಿನ ಸಂದಿಗೆ ಉಗುರು ಹಾಕಿದೆ. ಹಡಗಿನ ಪಟ ಬರೆದಿದ್ದ ಟೈಲು. ಅದು ಕಳಚಿ ಮೆಟ್ಟಿಲ ಮೇಲೆ ಬಿದ್ದು ಎರಡು ಹೋಳಾಯಿತು.

ಹಿಂದೆ ಏನೂ ಇರಲಿಲ್ಲ. ಪುಡಿಪುಡಿಯಾದ ಸುಣ್ಣ, ಅಷ್ಟೇ.

ತಿರುಗಿ ನೋಡಿದರೆ ಕೆಳಗಿನ ಮೆಟ್ಟಿಲಲ್ಲಿ ಅಮೇಲಿಯ, ಕೈಯಲ್ಲಿ ಬುಟ್ಟಿ. ಅವಳು ಕಿರುಚಲಿಲ್ಲ. ಬುಟ್ಟಿ ಕೆಳಗಿಟ್ಟಳು. ಏಪ್ರನ್ನಿನ ಜೇಬಿಗೆ ಕೈ ಹಾಕಿ ಎರಡೂ ಪಾಸ್‌ಪೋರ್ಟು ತೆಗೆದು, ಹತ್ತಿರ ಬರದೆ, ತೋಳುದ್ದಕ್ಕೆ ಚಾಚಿ ನನಗೆ ಕೊಟ್ಟಳು. ಆಮೇಲೆ ಬೀದಿ ಬಾಗಿಲನ್ನು ತೋರಿಸಿದಳು. ಐದು ದಿನದಿಂದ ಯಾವುದಕ್ಕೆ ಒದ್ದಾಡುತ್ತಿದ್ದೆನೋ ಅದು ಈಗ ಕೈಯಲ್ಲಿತ್ತು. ಆದರೆ ನನ್ನ ತಲೆಯಲ್ಲಿದ್ದದ್ದು ಒಂದೇ. ರತ್ನ ಮಧ್ಯಾಹ್ನ ಊಟಕ್ಕೆ ಬರುತ್ತಾಳೆ. ಅಷ್ಟರಲ್ಲಿ ನಮ್ಮ ಸೂಟ್‌ಕೇಸು ಬೀದಿಯಲ್ಲಿದ್ದರೆ ಅವಳ ಹತ್ತು ದಿನ ಅಲ್ಲಿಗೇ ಮುಗಿಯಿತು, ನಾನೂ ಮುಗಿದೆ.

ಅಮೇಲಿಯ ಬೀದಿಗೆ ಹೋಗಿ ಪಕ್ಕದ ಮನೆಯ ಜೋಸೆಯನ್ನು ಕರೆತಂದಳು. ನೋಡಿದರೆ ಕಾಫಿ ಅಂಗಡಿಯಲ್ಲಿ ಕೂರುತ್ತಿದ್ದ ಅದೇ ಮನುಷ್ಯ. ಹಿಂದೆ ಹಡಗಿನಲ್ಲಿ ದುಡಿದವನು, ಹರಕುಮುರುಕು ಇಂಗ್ಲಿಷು ಬರುತ್ತಿತ್ತು. ನನ್ನದೂ ಅಂಥದೇ ಆದ್ದರಿಂದ ತೊಂದರೆಯಾಗಲಿಲ್ಲ. ಅಮೇಲಿಯ ಒಂದೇ ಉಸಿರಿಗೆ ಮಾತಾಡಿದಳು, ಅವನು ತಿರುಗಿಸಿ ಹೇಳಿದ. “ನೀನು ಬಂದ ದಿನದಿಂದ ಗೋಡೆ ನೋಡ್ತೀಯಂತೆ. ಊಟ ನೆಟ್ಟಗೆ ಮಾಡಲ್ಲ. ಹೆಂಡತಿ ಹತ್ರ ಪಿಸಪಿಸ ಮಾತಾಡ್ತೀಯ. ಬಾಗಿಲಲ್ಲಿ ನಿಂತು ಅವಳನ್ನ ನೋಡ್ತೀಯ. ಒಗೆದ ಬಟ್ಟೆ ತಡಕಾಡಿದೀಯ. ಅವಳು ಒಂಟಿ ಹೆಂಗಸು. ನೀನು ಪೊಲೀಸೋ ಕಳ್ಳನೋ ಅಂತ ಕೇಳ್ತಿದಾಳೆ.”

ನನ್ನನ್ನು ಅಲ್ಲಿಯತನಕ ಯಾರೂ ಅನುಮಾನಿಸಿರಲಿಲ್ಲ. ಅದು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಒಂದೊಂದೂ ನಾನು ಮಾಡಿದ್ದೇ. ನನ್ನ ಎರಡೂ ಅಂಗೈ ಮುಂದೆ ಹಿಡಿದೆ. ಸಿಮೆಂಟು ತಿಂದು ಸೀಳಿದ ಬೆರಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಬಿಳಿ. ಜೋಸೆ ಬಗ್ಗಿ ನೋಡಿದ. ಆಮೇಲೆ ನಾನು ಅಮೇಲಿಯಳನ್ನು ಗೋಡೆಯ ಹತ್ತಿರ ಬರುವಂತೆ ಸನ್ನೆ ಮಾಡಿದೆ. ಬರಲಿಲ್ಲ. ಜೋಸೆ ಹೇಳಿದ ಮೇಲೆ ಬಂದಳು. ಗಟ್ಟಿ ಇರುವ ಕಡೆ ಕುಟ್ಟಿದೆ, ಕೇಳಿಸಿದೆ. ಟೊಳ್ಳಿನ ಕಡೆ ಕುಟ್ಟಿದೆ. ಅವಳು ಕಿವಿಯನ್ನು ಗೋಡೆಗಿಟ್ಟಳು. ತಾನೇ ಕುಟ್ಟಿದಳು, ಇಲ್ಲೊಮ್ಮೆ, ಅಲ್ಲೊಮ್ಮೆ. ಇನ್ನೊಂದು ಮಳೆಗಾಲ ಕಳೆದಿದ್ದರೆ ಆ ಹಡಗು, ಮೀನು, ಬಳ್ಳಿ ಎಲ್ಲ ಒಟ್ಟಿಗೆ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಅದನ್ನು ಜೋಸೆ ಹೇಳಬೇಕಾಗಲಿಲ್ಲ. ಅವಳ ಮುಖ ಇಳಿದುಹೋಯಿತು. ಮುರಿದ ಟೈಲನ್ನು ಎತ್ತಿಕೊಂಡು ಏಪ್ರನ್ನಿನಿಂದ ಒರೆಸಿದಳು.

“ನಾನು ಸರಿ ಮಾಡ್ತೀನಿ,” ಎಂದೆ. “ಸಿಮೆಂಟು ಬೇಡ. ಸುಣ್ಣ ಬೇಕು, ಮರಳು ಬೇಕು. ದುಡ್ಡು ಬೇಡ.”

ದುಡ್ಡು ಬೇಡ ಎಂದದ್ದೇ ತಪ್ಪಾಯಿತು. ಜೋಸೆ ಅದನ್ನು ಅವಳಿಗೆ ಹೇಳಿದ ಕೂಡಲೇ ಅಮೇಲಿಯಳ ಕಣ್ಣು ಕಿರಿದಾಯಿತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಸಾಂಟಾ ಕ್ಲಾರಾದಲ್ಲಿ ಫ್ರೀ ಸೋಡಾ ಕೊಟ್ಟಾಗ ನಾನು ನೋಡಿದ್ದು ಹಾಗೆಯೇ. ಕೊನೆಗೆ ಒಪ್ಪಿದಳು, ಷರತ್ತಿನ ಮೇಲೆ. ಟೈಲ್ಸು ಮನೆಯಿಂದ ಹೊರಗೆ ಹೋಗಬಾರದು. ನಾನು ಕೆಲಸ ಮಾಡುವಾಗ ಅವಳು ಎದುರು ಕೂತಿರುತ್ತಾಳೆ.

ರತ್ನ ಬರುವಷ್ಟರಲ್ಲಿ ನಾನು ಮೊಣಕೈವರೆಗೆ ಸುಣ್ಣದಲ್ಲಿದ್ದೆ. ಟೈಲ್ಸನ್ನು ಒಂದೊಂದಾಗಿ ಬಿಡಿಸಿ, ಹಿಂದೆ ಪೆನ್ಸಿಲ್ಲಿನಲ್ಲಿ ನಂಬರು ಬರೆದು, ಸಾಲಾಗಿ ಜೋಡಿಸಿದ್ದೆ. ಎದುರಿಗೆ ಸ್ಟೂಲಿನ ಮೇಲೆ ಅಮೇಲಿಯ, ಹದ್ದಿನ ಕಣ್ಣಿಟ್ಟು. ರತ್ನ ಬಾಗಿಲಲ್ಲೇ ನಿಂತಳು. ಗೋಡೆ ನೋಡಿದಳು, ಮುರಿದ ಟೈಲು ನೋಡಿದಳು, ನನ್ನ ಉಗುರು ನೋಡಿದಳು. ಏನಾಗಿದೆ ಎಂದು ಅವಳಿಗೆ ಪೂರ್ತಿ ಗೊತ್ತಾಯಿತು, ಅದು ನನಗೂ ಗೊತ್ತಾಯಿತು.

“ಗೋಡೆ ಬೀಳೋದ್ರಲ್ಲಿತ್ತು,” ಎಂದೆ.

“ಹೌದಾ.”

“ಹಳೇ ಗಾರೆ. ನಾನು ನೋಡ್ದೇ ಇದ್ದಿದ್ರೆ...”

“ಎಷ್ಟು ದಿನ ಹಿಡಿಯುತ್ತೆ?”

ಬೈಗುಳಕ್ಕೆ ಕಾಯುತ್ತಿದ್ದ ನನಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. “ಸುಣ್ಣ ಅಲ್ವಾ, ನಿಧಾನ. ನಾಲ್ಕು ದಿನ. ಐದೇ ಇಟ್ಕೋ.”

ರತ್ನ ಬ್ಯಾಗಿನಿಂದ ಟೋಪಿ ತೆಗೆದು ಹಾಕಿಕೊಂಡಳು. “ಅವಸರ ಮಾಡ್ಬೇಡಿ. ಗಟ್ಟಿಯಾಗಿ ಮಾಡಿ,” ಎಂದು ಹೊರಟೇಹೋದಳು. ಊಟಕ್ಕೂ ನಿಲ್ಲಲಿಲ್ಲ.

ಆ ಐದು ದಿನ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ ಮಾಡಿದೆ. ಹಳೇ ಟೈಲನ್ನು ಕೂರಿಸುವ ಮೊದಲು ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಇದನ್ನು ನಮ್ಮಪ್ಪ ಮಾಡುವುದನ್ನು ನೋಡಿದ್ದೆ, ಅಮೆರಿಕದಲ್ಲಿ ಯಾರೂ ಕೇಳಿರಲಿಲ್ಲ. ಬಕೆಟ್ಟಿನಲ್ಲಿ ಟೈಲು ಮುಳುಗಿಸಿದಾಗ ಅಮೇಲಿಯ ಎದ್ದು ಬಂದು ಬಣ್ಣ ಬಿಡುತ್ತದೆಯೇ ಎಂದು ನೀರಿಗೆ ಬೆರಳದ್ದಿ ನೋಡಿದಳು. ಪ್ರತಿದಿನ ಸಂಜೆ ಎಲ್ಲ ಟೈಲ್ಸನ್ನೂ ಬೆರಳು ಮಾಡಿ ಎಣಿಸಿ, ಒಂದು ಹಾಸಿಗೆ ಬಟ್ಟೆ ಮುಚ್ಚಿ, ಅದರ ಮೇಲೆ ಕುರ್ಚಿ ಇಡುತ್ತಿದ್ದಳು. ನನಗೆ ಬೇಸರವಾಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಎರಡು ಸಲ ಎಣಿಸುತ್ತಿದ್ದೆ. ಮಧ್ಯಾಹ್ನ ಮೀನು ಸುಟ್ಟು ತಂದಿಡುತ್ತಿದ್ದಳು, ಜೊತೆಗೆ ಬ್ರೆಡ್ಡು. ಆ ಬ್ರೆಡ್ಡನ್ನು ನಾನು ಒಂದು ಮಾತೂ ಆಡದೆ ತಿಂದೆ. ಮೀನು ರುಚಿಯಾಗಿತ್ತು.

ರತ್ನ ಏನು ಮಾಡುತ್ತಿದ್ದಳೋ ನಾನು ನೋಡಲಿಲ್ಲ. ಸಂಜೆ ಬರುತ್ತಿದ್ದಳು. ಮೈ ಬಿಸಿಲಿಗೆ ಕಪ್ಪಾಗಿತ್ತು, ಕಾಲಿಗೆ ಮರಳು ಮೆತ್ತಿರುತ್ತಿತ್ತು. ಮೀನು ಒಣಗಿಸುವ ಹೆಂಗಸರ ಜೊತೆ ಕೂತು ಅವರದೇ ರೊಟ್ಟಿ ತಿಂದು ಬಂದಿರುತ್ತಿದ್ದಳು. ಯಾವ ಭಾಷೆಯಲ್ಲಿ ಮಾತಾಡಿದಿರಿ ಎಂದರೆ, “ಮಾತೇ ಆಡಲಿಲ್ಲ,” ಎನ್ನುತ್ತಿದ್ದಳು, ಏನೋ ದೊಡ್ಡದು ಸಿಕ್ಕ ಹಾಗೆ. ಕೊನೆಯ ದಿನ ಬೆಳಿಗ್ಗೆ ಅವಳು ನನಗೆ ಕಾಫಿ ತಂದುಕೊಟ್ಟಳು. ಬಟ್ಟಲು ತುಂಬಿತ್ತು, ಒಂದು ಹನಿಯೂ ತುಳುಕಲಿಲ್ಲ. ಕೈ ನಿಂತಿತ್ತು. ಮುರಿದ ಟೈಲಿನ ಎರಡು ಹೋಳನ್ನೂ ಸೇರಿಸಿ ಕೂರಿಸಿದೆ, ಹಡಗಿನ ಪಟದಲ್ಲಿ ಒಂದು ಗೆರೆ ಉಳಿಯಿತು. ಅಮೇಲಿಯ ಗೋಡೆಯನ್ನು ಬುಡದಿಂದ ತುದಿಯವರೆಗೆ ಕುಟ್ಟುತ್ತಾ ಬಂದು, ಕೊನೆಗೆ ನ್ಯಾಯ ಹೇಳುವವಳ ಹಾಗೆ ತಲೆಯಾಡಿಸಿದಳು. ಬಸ್ಸಿನ ತನಕ ನಮ್ಮ ಸೂಟ್‌ಕೇಸನ್ನು ಅವಳೇ ಹೊತ್ತಳು. ನಾನು ಹಿಂದೆ ಓಡಲಿಲ್ಲ, ನಡೆದೆ.

ಫ್ರೀಮಾಂಟಿಗೆ ಬಂದ ಭಾನುವಾರ ಅಕ್ಕನ ಮನೆಯಲ್ಲಿ ಊಟ. ನಾಲ್ಕೈದು ಮನೆಯವರು ಸೇರಿದ್ದರು. ಎಲ್ಲರಿಗೂ ರತ್ನಳ ಮುಖ ನೋಡಿ ಆಶ್ಚರ್ಯ. ಆ ದೇಶ ಹೇಗಿದೆ, ನಿಜವಾಗಲೂ ಅಗ್ಗವೇ, ಪಿಕ್‌ಪಾಕೆಟು ಆಯಿತೇ, ಎಲ್ಲ ಕೇಳಿದರು. ರತ್ನ ಎಲ್ಲವನ್ನೂ ಹೊಗಳಿದಳು. ಕಡೆಗೆ ಅಕ್ಕ ಕೇಳಿದಳು, “ಅಲ್ವೇ, ಇವನ ಕಾಟ ಹೆಂಗಿತ್ತು ಅಲ್ಲಿ?”

“ಇವರಾ? ಪಾಪ, ಮೊದಲು ನಾಲ್ಕು ದಿನ ಬಿಟ್ರೆ ತುಂಬಾ ಚೆನ್ನಾಗಿದ್ರು ಅಕ್ಕಾ,” ಎಂದಳು ರತ್ನ. “ಕಾಣಿಸ್ಕೊಳ್ತಾನೇ ಇರ್ಲಿಲ್ಲ.”

ಮನೆಯೆಲ್ಲ ನಕ್ಕಿತು. ಭಾವನಂತೂ ಅನ್ನ ನೆತ್ತಿಗೇರಿಸಿಕೊಂಡ. ನಾನೂ ನಕ್ಕೆ. ವಾಪಸು ಬರುವಾಗ ಫ್ರೀವೇ ಮೇಲೆ ಟ್ರಾಫಿಕ್ಕು ಇತ್ತು, ಗಾಡಿ ತೆವಳುತ್ತಿತ್ತು. ನಾನು ಕೇಳಿಯೇ ಬಿಟ್ಟೆ.

“ನಿಜ ಹೇಳು. ನಿಂಗೆ ಅಲ್ಲಿ ರೆಸ್ಟು ಸಿಕ್ಕಿದ್ದು ಡೇಕೇರ್ ಕಾಟ ತಪ್ಪಿದ್ದಕ್ಕೋ, ನನ್ ಕಾಟ ತಪ್ಪಿದ್ದಕ್ಕೋ?”

ಅವಳು ಬಹಳ ಹೊತ್ತು ಯೋಚಿಸಿದಳು. ಅಷ್ಟು ಹೊತ್ತು ಯೋಚಿಸುವ ಅಗತ್ಯವಿರಲಿಲ್ಲ.

“ಇನ್ನೊಂದ್ಸಲ ನನ್ ಜೊತೆ ಬರ್ತೀಯೋ ಇಲ್ವೋ? ಅದನ್ನಾದ್ರೂ ಹೇಳು.”

“ಬರ್ತೀನಿ,” ಎಂದಳು ಸೀಟು ಹಿಂದಕ್ಕೆ ಒರಗಿಸಿಕೊಳ್ಳುತ್ತಾ. “ಆದ್ರೆ ರೂಮು ಬುಕ್ ಮಾಡೋಕೆ ಮುಂಚೆ ಫೋನ್ ಮಾಡಿ ವಿಚಾರಿಸಿ. ಆ ಮನೇಲಿ ಏನಾದ್ರೂ ರಿಪೇರಿ ಇದ್ಯಾ ಅಂತ.”

ಹೆಂಡತಿ ಹೀಗೆಂದರೆ ಗಂಡನಾದವನಿಗೆ ಬೇಜಾರಾಗಬೇಕು. ನಾನು ಬೇಜಾರಿಗೆ ಕಾದೆ. ಬರಲಿಲ್ಲ. ನಮ್ಮ ಎಕ್ಸಿಟ್ಟು ಬರುವಷ್ಟರಲ್ಲಿ ನಾನು ಗ್ರೀಸ್ ದೇಶದಲ್ಲಿ ಬಾತ್‌ರೂಮುಗಳು ಯಾವ ಸ್ಥಿತಿಯಲ್ಲಿರಬಹುದು ಎಂದು ಯೋಚಿಸುತ್ತಿದ್ದೆ.